ಹದಿನಾಲ್ಕು ದಿನದ ಉದ್ರಿ

ಏನು ಮಾರುತ್ತೀಯ ಅಂದವರಿಗೆ ಹೇಳಿದರೆ ನಗುತ್ತಾರೆ:
ನಾಯಿ ಕಚ್ಚುವ ಕಟ್ಟಿಗೆ.
ಮುದಿಯಾಯಿತೆಂದು ಕಿತ್ತ ಕಾಫಿ ಬೊಡ್ಡೆ
ಆಲ್ದೂರಿಂದ ಟ್ರ್ಯಾಕ್ಟರಿನಲ್ಲಿ ಬರುತ್ತದೆ.
ಉಪ್ಪಳ್ಳಿಯ ಶೆಡ್ಡಿನಲ್ಲಿ ತೊಗಟೆ ಬಿಚ್ಚಿ,
ಗೇಣುದ್ದ ಕೊಯ್ದು, ಅಂಚು ಉಜ್ಜಿ,
ಅಬ್ಬಾನ ಹಳೇ ತಕ್ಕಡಿಯಲ್ಲಿ ತೂಗಿ
ಜರ್ಮನಿಗೆ ಕಳಿಸುತ್ತೇವೆ.
ಸೀಳುವುದಿಲ್ಲ, ಸಿಬಿರೇಳುವುದಿಲ್ಲ.
ಅಲ್ಲಿನ ನಾಯಿಗಳ ಹಲ್ಲಿಗೆ ಬಹಳ ಒಳ್ಳೆಯದಂತೆ.

ಆನ್‌ಲೈನ್ ಅಂಗಡಿ ತೆರೆದ ಮೊದಲ ತಿಂಗಳು
ಬುಟ್ಟಿ ತುಂಬಿದವರು ನಲವತ್ತೊಂದು ಮಂದಿ,
ದುಡ್ಡು ಕೊಟ್ಟವರು ಮೂವರು.
ಉಳಿದವರು ಗಲ್ಲಾದ ತನಕ ಬಂದು
ಬುಟ್ಟಿ ಅಲ್ಲೇ ಇಟ್ಟು ಹೊರಟರು,
ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರ ಹಾಗೆ.
ಬೆಲೆ ಇಳಿಸಿದೆ. ಫೋಟೋ ಬದಲಿಸಿದೆ.
ನಾಯಿಯ ಮುಖ ದೊಡ್ಡದು ಮಾಡಿದೆ.

ಕೊನೆಗೆ ಕಾಸೆಲ್ ಎಂಬ ಊರಿಂದ
ರೆನಾಟೆ ಫೋಗ್ಟ್ ಎಂಬ ಹೆಂಗಸು ಬರೆದಳು:
ಕ್ರೆಡಿಟ್ ಕಾರ್ಡ್ ನನ್ನಲ್ಲಿಲ್ಲ, ಬೇಕಾಗಿಯೂ ಇಲ್ಲ,
ಕೈಯಲ್ಲಿಲ್ಲದ ದುಡ್ಡು ಖರ್ಚು ಮಾಡುವ ರೂಢಿ ನಮ್ಮ ಮನೆಯಲ್ಲಿಲ್ಲ.
ನೀವು ಕಟ್ಟಿಗೆ ಕಳಿಸಿ, ಜೊತೆಗೆ ಬಿಲ್ಲು ಇಡಿ.
ಬಂದದ್ದು ನೋಡಿ, ನಾಯಿಗೂ ತೋರಿಸಿ,
ಹದಿನಾಲ್ಕು ದಿನದೊಳಗೆ ಬ್ಯಾಂಕಿಂದ ಹಾಕುತ್ತೇನೆ.

ಅಲ್ಲ, ಇದು ಉದ್ರಿಯಲ್ಲವೇ?
ಸಾಲ ಬೇಡವೆಂದು ಸಾಲವನ್ನೇ ಕೇಳುತ್ತಿದ್ದಾಳೆ,
ಬೆನ್ನು ಎಷ್ಟು ನೆಟ್ಟಗೆ ನಿಲ್ಲಿಸಿಕೊಂಡು!

ಲೆಕ್ಕ ನೋಡುವ ಲೋಹಿತಾಶ್ವ
ಕನ್ನಡಕ ಹಣೆಗೇರಿಸಿದ.
ಕೊಡದಿದ್ದರೆ, ಮೇಡಂ,
ಸಮುದ್ರ ದಾಟಿ ಯಾರ ಬಾಗಿಲು ಬಡಿಯುತ್ತೀರಿ?

ಮಾರ್ಕೆಟ್ ರಸ್ತೆಯಲ್ಲಿ ಅಬ್ಬಾನ ದಿನಸಿ ಅಂಗಡಿಯಿತ್ತು.
ಗೋಡೆಗೆ ಬೋರ್ಡು: ಇಂದು ನಗದು, ನಾಳೆ ಉದ್ರಿ.
ಬೋರ್ಡಿನ ಕೆಳಗೇ ಕೆಂಪು ರಟ್ಟಿನ ಪುಸ್ತಕ,
ದಾರಕ್ಕೆ ಕಟ್ಟಿದ ಪೆನ್ಸಿಲ್ಲು.
ಅದರಲ್ಲಿ ಹೆಸರುಗಳಿರಲಿಲ್ಲ, ಗುರುತುಗಳಿದ್ದವು.
ಬಸ್‌ಸ್ಟ್ಯಾಂಡ್ ಹೂವಿನವಳು, ಬೆಲ್ಲ ಅರ್ಧ.
ಎರಡು ಮದುವೆಯ ಕಂಡಕ್ಟರು, ಅಕ್ಕಿ, ಮತ್ತೆ ಅಕ್ಕಿ.
ಕೆಮ್ಮುವ ಮೇಷ್ಟ್ರು, ಜೇನು.
ಗುರುತಿದೆಯಲ್ಲ, ಬಾಕಿಯಿದ್ದರೇನು, ಅನ್ನುತ್ತಿದ್ದರು.

ಈ ರೆನಾಟೆಯ ಗುರುತು ನನಗೇನು?
ಒಂದು ನಾಯಿ. ತೂಕ ಹದಿನೆಂಟು ಕಿಲೋ.
ಅಷ್ಟೆ.

ಪೇಪಾಲ್ ಸೇರಿಸಿದೆವು. ಖಾತೆಯಿಂದ ನೇರ
ಎಳೆದುಕೊಳ್ಳುವುದನ್ನೂ ಸೇರಿಸಿದೆವು.
ಲೋಹಿತಾಶ್ವ ಊಟಕ್ಕೆ ಹೋದಾಗ
ಎಲ್ಲಕ್ಕಿಂತ ಕೆಳಗೆ ನಾನೇ ಒಂದು ಗುಂಡಿ ಇಟ್ಟೆ:
ಮೊದಲು ಸಾಮಾನು, ಆಮೇಲೆ ಹಣ.
ಗುಂಡಿ ಅಂದರೆ ಒತ್ತುವುದೂ ಹೌದು, ಬೀಳುವುದೂ ಹೌದು.
ನಮ್ಮ ಭಾಷೆ ಮೊದಲೇ ಎಚ್ಚರಿಸಿತ್ತು.

ಹದಿಮೂರನೇ ದಿನದ ಬೆಳಿಗ್ಗೆ,
ಗರಗಸ ಇನ್ನೂ ಎದ್ದಿರಲಿಲ್ಲ,
ಫೋನು ಮಿಣುಕಿತು. ಹತ್ತೊಂಬತ್ತು ಯೂರೋ ಎಂಬತ್ತು ಸೆಂಟು,
ಒಂದು ಸೆಂಟು ಹೆಚ್ಚಿಲ್ಲ, ಕಡಿಮೆಯಿಲ್ಲ.
ವಿವರದ ಜಾಗದಲ್ಲಿ ಬಿಲ್ಲಿನ ನಂಬರು,
ಪಕ್ಕದಲ್ಲಿ ಯಾರೂ ಕೇಳದ ಒಂದು ಪದ: ಓಟ್ಟೋ.
ನಾಯಿಯ ಹೆಸರಿರಬೇಕು.
ಗಂಡನದೂ ಇರಬಹುದು.

ಈಗ ಬುಟ್ಟಿ ಬಿಟ್ಟು ಹೋಗುವವರು ಕಡಿಮೆ.
ಕಂಪ್ಯೂಟರಿನ ಲೆಕ್ಕ ಲೋಹಿತಾಶ್ವನದು,
ನೋಟ್‌ಬುಕ್ಕಿನ ಗುರುತು ನನ್ನದು.
ಬ್ರೆಮೆನ್, ಕುಳ್ಳುಗಾಲಿನದು, ಎರಡೇ ಹಲ್ಲು.
ಉಲ್ಮ್, ಮೂರು ನಾಯಿ, ಸೋಮವಾರ ಕೊಡುವವಳು.
ಕೆಮ್ನಿಟ್ಸ್, ಒಬ್ಬನೇ ಒಬ್ಬ ಬಾಕಿ.
ಅವನಿಗೆ ಎರಡು ಸಲ ನೆನಪೋಲೆ ಹೋಯಿತು.
ಮೂರನೆಯದರಲ್ಲಿ ದಂಡ ಹಾಕಬಹುದಂತೆ.

ಅಂಗಡಿ ಮುಚ್ಚಿದ ದಿನ ಅಬ್ಬಾ
ಆ ಕೆಂಪು ಪುಸ್ತಕ ಸುಡಲಿಲ್ಲ, ವಸೂಲಿಗೂ ಹೊರಡಲಿಲ್ಲ.
ತಕ್ಕಡಿಯ ಮೇಜು ಒಂದು ಕಡೆ ವಾಲುತ್ತಿತ್ತು,
ಅದರ ಕಾಲಿಗೆ ಕೊಟ್ಟರು.
ಇವತ್ತೂ ಅಲ್ಲೇ ಇದೆ,
ಮರದ ಪುಡಿ ಕುಡಿದು ಉಬ್ಬಿದೆ.

ಕೆಮ್ನಿಟ್ಸಿಗೆ ಮೂರನೇ ಓಲೆ ಬರೆಯಲು ಕೂತವಳು
ಮೊದಲ ಸಾಲಿನಲ್ಲಿ
ನಾಯಿ ಹೇಗಿದೆ ಎಂದು ಕೇಳಿದೆ.
ಲೋಹಿತಾಶ್ವ ಅದನ್ನು ಹೊಡೆದು ಹಾಕಿದ.
ನಾನು ಮತ್ತೆ ಬರೆದೆ.