ಆರು ಇಂಚು

ಅಕ್ಟೋಬರ್ ಬಂತೆಂದರೆ ದಾದರಿನ ನಮ್ಮ ಅಂಗಡಿಯಲ್ಲಿ
ಗುಲಾಬಿ ರಿಬ್ಬನ್ನಿಗೆ ಬರ.
ಲೋವರ್ ಪರೇಲಿನ ಆಫೀಸುಗಳಿಂದ ಹುಡುಗಿಯರು
ಕೊರಳಿನ ಗುರುತಿನ ಚೀಟಿ ಬೀಸುತ್ತ ಬರುತ್ತಾರೆ:
"ಅಂಕಲ್, ಸ್ಯಾಟಿನ್, ಅರ್ಧ ಇಂಚು ಅಗಲ,
ಮುನ್ನೂರು ತುಂಡು, ಆರಾರು ಇಂಚು. ನಾಳೆಗೇ ಬೇಕು."

ಕತ್ತರಿಸುತ್ತೇನೆ.
ಕೌಂಟರಿನ ಅಂಚಿಗೆ ಬಡಿದ ಹಿತ್ತಾಳೆ ಪಟ್ಟಿಯಲ್ಲಿ
ಅಳತೆಯ ಗೆರೆಗಳು ಎಂದೋ ಸವೆದಿವೆ,
ಆರಿಂಚು ಎಷ್ಟೆಂದು ಹೆಬ್ಬೆರಳಿಗೆ ಗೊತ್ತು.
ನೂಲು ಬಿಚ್ಚದಂತೆ ಒಂದೊಂದು ತುದಿಯನ್ನೂ
ಮೇಣದ ಬತ್ತಿಗೆ ತೋರಿಸಿ ತೆಗೆಯಬೇಕು.
ಕಮಟು ವಾಸನೆಗೆ ವಸನಜಿ ಶೇಠರಿಗೆ ಕೆಮ್ಮು,
ಫ್ಯಾನು ಹಾಕುವಂತಿಲ್ಲ.

ಗುರುವಾರ ಜೋಗೇಶ್ವರಿಯಿಂದ ವಾರಿಜಕ್ಕ ಬರುತ್ತಾರೆ,
ಸೀರೆಗೆ ಫಾಲ್ ಹಚ್ಚುವವರು.
ಹೋದ ವರ್ಷ ನಾಲ್ಕು ತಿಂಗಳು ಬರಲಿಲ್ಲ.
ಬಂದಾಗ ತಲೆಯ ಮೇಲೆ ಸೆರಗು,
ಸೆರಗಿನ ಕೆಳಗೆ ಕೂದಲಿಲ್ಲವೆಂದು ಕಾಣುತ್ತಿತ್ತು.
ನಾನು ಕೇಳಲಿಲ್ಲ. ಯಾವ ಬಣ್ಣದ ದಾರ ಕೊಡಲಿ ಎಂದೆ.
ಅವರೇ ಹೇಳಿದರು, ಎಡಗಡೆಯದು ತೆಗೆದರು ಎಂದು,
ಬಾಡಿಗೆ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟ ಹಾಗೆ.

ಆಮೇಲೊಂದು ಮಧ್ಯಾಹ್ನ, ಶೇಠರು ಊಟಕ್ಕೆ ಹೋಗಿದ್ದಾಗ:
"ಗುಂಡಿ ತೂಗುವ ತಕ್ಕಡಿ ಸ್ವಲ್ಪ ಕೊಡ್ತೀರಾ?"
ಚೀಲದಿಂದ ತೆಗೆದದ್ದು ಬಟ್ಟೆಯ ಒಂದು ಗಂಟು,
ಹಳೆ ರವಿಕೆಯ ಅಸ್ತರಿನಲ್ಲಿ ಹೊಲಿದದ್ದು. ಒಳಗೆ ಸಾಸಿವೆ.
ಹತ್ತಿ ತುಂಬಿದ್ದರಂತೆ ಮೊದಲು. ಹಗುರ,
ರೈಲಿನ ನೂಕಿನಲ್ಲಿ ಹೆಗಲಿಗೇ ಹತ್ತಿ ಕೂರುತ್ತದೆ.
ಅಕ್ಕಿಗೆ ಹುಳ.
"ಭಾರ ಸರಿಯಿಲ್ಲದಿದ್ದರೆ ಬೆನ್ನು ಬಲಕ್ಕೆ ಎಳೀತದೆ ಮಾರಾಯ್ರೆ."
ಇನ್ನೂರ ಎಂಬತ್ತು ಗ್ರಾಂ.
ಒಂದು ಚಿಟಿಕೆ ತೆಗೆದರು. ಮತ್ತೆ ಹಾಕಿದರು.
ಮುಳ್ಳು ನಿಲ್ಲುವವರೆಗೆ ನಾನು ರಸ್ತೆ ನೋಡುತ್ತಿದ್ದೆ.

ಇವತ್ತು ಕೌಂಟರಿನ ಮೇಲೆ ಗುಲಾಬಿ ರಾಶಿ.
ವಾರಿಜಕ್ಕ ಒಂದನ್ನೆತ್ತಿ ಬೆಳಕಿಗೆ ಹಿಡಿದರು.
"ಇದೇನು, ಯಾರ ಮದುವೆ?"
ಹೇಳಿದೆ. ಆಫೀಸಿನವರು ಎದೆಗೆ ಚುಚ್ಚಿಕೊಳ್ಳುತ್ತಾರೆ,
ಈ ಕಾಯಿಲೆಯವರ ಜೊತೆ ನಾವಿದ್ದೇವೆ ಅಂತ.
"ಎಲ್ಲಿದ್ದಾರೆ?"
ಕುಹಕವಲ್ಲ. ವಿಳಾಸ ಕೇಳುವ ದನಿ.
ನಾನು ಪರೇಲಿನ ಕಡೆ ಕೈ ತೋರಿಸಿದೆ.
ಆ ಕಡೆಯೇ ಅವರ ಆಸ್ಪತ್ರೆಯೂ.

"ಯಾವ ಬದಿ ಚುಚ್ಚುವುದು?"
"ಎಡಗಡೆ."
"ಹೂಂ."
ಸ್ವಲ್ಪ ಹೊತ್ತು ಬಿಟ್ಟು, "ಬಣ್ಣ ಚಂದ ಉಂಟು."
ಹೋಗುವಾಗ ತುದಿ ಸುಟ್ಟು ಕರಿಕಾದ ಎರಡು ತುಂಡು ಕೇಳಿದರು.
ರವಿಕೆಯ ಒಳಗೆ ಕುಣಿಕೆ ಹೊಲಿಯುತ್ತಾರಂತೆ,
ಸಾಸಿವೆ ಜಾರದ ಹಾಗೆ.

ಸಂಜೆ ಹುಡುಗಿ ಬಂದಳು. ಎಣಿಸಲೂ ಇಲ್ಲ.
ಪೊಟ್ಟಣದಿಂದ ಒಂದನ್ನು ಹಿರಿದು, ಮಡಚಿ,
ನನ್ನ ಜೇಬಿಗೇ ಚುಚ್ಚಿದಳು: "ಅಂಕಲ್, ನೀವೂ."
ಬೇಡ ಎನ್ನಲು ಬಾಯಿ ಬರಲಿಲ್ಲ. ಉಗುರಿಗೆ ಬಣ್ಣ ಹಚ್ಚಿದ,
ಪಾಪ, ಪಿನ್ನು ಹಾಕಲು ಸರಿಯಾಗಿ ಬಾರದ ಬೆರಳು.

ಲೋಕಲ್ಲಿನಲ್ಲಿ ಪಕ್ಕದವನು ಕೇಳಿದ,
"ಯಾವ ಪಾರ್ಟಿದು ಭಾವೂ?"
ಅಂಗಡಿಯದು ಎಂದೆ.
ಮಾಹಿಮಿನಲ್ಲಿ ಇನ್ನಷ್ಟು ಜನ. ನೂಕಿಗೆ ಪಿನ್ನು
ಬಾಯಿಬಿಟ್ಟೀತೆಂದು ಅದರ ಮೇಲೆ ಕೈ ಇಟ್ಟುಕೊಂಡೆ,
ಅಲ್ಲಿಯೇ ಇಟ್ಟುಕೊಂಡು ಬಾಂದ್ರಾ, ಖಾರ್, ಸಾಂತಾಕ್ರೂಜ್ ದಾಟಿದೆ.

ಒಂದು ಕೈ ಎಷ್ಟು ಗ್ರಾಂ ತೂಗುತ್ತದೋ.