ಎರಡು ಕಳೆ ಹದಿನೈದು

ಸೊರಬದ ತಾಲ್ಲೂಕು ಕಚೇರಿ, ಭೂಮಿ ವಿಭಾಗ.
ಕಿಟಕಿ ನಿಮಗ್ಯಾಕೆ ಎಂದು
ಗೋಡೆ ಬದಿಯ ಕುರ್ಚಿ ಕೊಟ್ಟಿದ್ದಾರೆ;
ತಪ್ಪಿದ್ದು ಗಾಳಿ.
ಬಲಗಿವಿಯಲ್ಲಿ ಅವಳು,
ಎಡಗಿವಿ ಊರಿಗೆ ಬಿಟ್ಟದ್ದು.

ಅವಳ ಓಟಕ್ಕೆ ಇಮ್ತಿಯಾಜ್ ಒಮ್ಮೆ ಕಿವಿಗೊಟ್ಟು
'ಇದು ಮಾತಾ ಮೇಡಂ? ಒಗ್ಗರಣೆ ಸಿಡಿದಂಗಿದೆ' ಎಂದ.
ನನಗೆ ಒಂದೊಂದು ಸಾಸಿವೆಯೂ ಬೇರೆ ಬೇರೆ.

ದಣಿವಿಲ್ಲ ಅವಳಿಗೆ, ಉಸಿರಿಲ್ಲ,
ಪ್ರಶ್ನೆಗೂ ಪೂರ್ಣವಿರಾಮಕ್ಕೂ ಒಂದೇ ಮುಖ.
ಎಕರೆ ಗುಂಟೆಗಳ ನಡುವೆ ಪುಟ್ಟ ಗೆರೆ ಸಿಕ್ಕರೆ ಸಾಕು,
ಲೆಕ್ಕದ ಮೇಷ್ಟ್ರು:
ಎರಡು ಕಳೆ ಹದಿನೈದು.
ತಿದ್ದಿಕೊಳ್ಳುವುದು ನನ್ನ ಪಾಲಿಗೆ.

ಹೋದ ತಿಂಗಳು ಹಳೇ ಫಾಂಟಿನ ಕಡತವೊಂದು ಬಂತು,
ಬಗರ್ ಹುಕುಂ ಪಟ್ಟಿ, ನಾನೂರ ಹನ್ನೆರಡು ಹೆಸರು.
ಮೊದಲ ಸಾಲಿಗೇ ಅವಳು:
ಸ್ಕ್ವೇರ್. ಎ ಗ್ರೇವ್. ಇ ಅಕ್ಯೂಟ್. ಎಇ. ಯು.
'ಏನಿದೆ ಇಲ್ಲಿ?'
ಆರಿಸಿಟ್ಟ ಪರದೆ ಹಚ್ಚಿ
ಇಮ್ತಿಯಾಜ್, ಶಿರಸ್ತೇದಾರರು, ಟೀ ತಂದ ಹುಡುಗ
ಮೂವರೂ ಬಗ್ಗಿ ನೋಡಿದರು.
'ಶಿವಮೊಗ್ಗ ಜಿಲ್ಲೆ ಅಂತಿದೆಯಲ್ಲ, ಮುತ್ತಿನಂಥ ಕನ್ನಡ!'
ಕಣ್ಣಿದ್ದವರಿಗೆ ಹೇಗೆ ಹೇಳಲಿ,
ಕಿರೀಟ ಸರಿ, ಭುಜಕೀರ್ತಿ ಸರಿ, ಬಣ್ಣವೂ ಸರಿ,
ಅರ್ಥ ಹೇಳಲು ಬಾಯಿ ತೆರೆದರೆ
ವೇಷದೊಳಗೆ ಬೇರೆ ಯಾರೋ ಎಂದು.

ಮಾರ್ಪಡಿಸಲು ಎರಡು ದಿನ ಹಿಡಿಯಿತು.
ಒತ್ತಕ್ಷರಗಳು ದಾರಿಯಲ್ಲಿ ಕಳಚಿ ಬಿದ್ದಿದ್ದವು,
ಹುಡುಕಿ ಹುಡುಕಿ
ಅವರವರ ಕಾಲಿಗೆ ತೊಡಿಸಿದೆ.

ಮೂರನೇ ದಿನ ಕೌಂಟರಿನಲ್ಲಿ ನಶ್ಯದ ವಾಸನೆ,
ಗಾಜಿನ ಬಳೆ, ಒಂದು ಕೆಮ್ಮು.
'ಓದಕ್ಕೆ ಬರಲ್ಲ ತಂಗಿ, ನನ್ನೆಸ್ರು ಅದಿಯಾ ನೋಡು.'
'ನೋಡಕ್ಕೆ ನಂಗೂ ಬರಲ್ಲ ಅಜ್ಜಿ, ಕೇಳೋಣ ಇರಿ.'

ಕಿವಿಯ ತಂತಿ ಕಿತ್ತೆ.
ಓಟ ಇಳಿಸಿದೆ, ಇಳಿಸಿದೆ,
ಕಲಿಯುವಾಗ ಕೇಳಿ ಬಿಟ್ಟಿದ್ದ ಆ ನಿಧಾನಕ್ಕೆ.
'ಗುತ್ ಯಮ್ಮ. ಕೋಂ. ಕೆರಿಯಪ್ಪ.'
'ಓ' ಎಂದಳು ಅಜ್ಜಿ,
ಹಿತ್ತಲಿಂದ ಯಾರೋ ಕೂಗಿದ ಹಾಗೆ.
'ಎರಡು ಕಳೆ ಹದಿನೈದು.'

ನಾನು ತಿದ್ದಲು ಬಾಯಿ ತೆರೆಯುವ ಮೊದಲೇ
ಬಳೆಗಳು ಮೇಜಿನ ಮೇಲೆ ಬಂದವು,
ಮಾತು ನನ್ನ ದಾಟಿ ನೇರ ಕಂಪ್ಯೂಟರಿಗೇ:
'ಕಳೆ ಎಲ್ಲದೆ ಈಗ?
ಹೋದ ವಾರಾನೇ ಕಿತ್ಸಿದೀನಲ್ಲ.'