ಇಲ್ಲಿಯ ಮೂರೂವರೆ

ಉತ್ತರ ಕೊಡಬೇಕಾದ್ದು ಸಂಜೆ ಐದರೊಳಗೆ.
ಅಲ್ಲಿಯ ಐದು ಅಂದರೆ ಸೊಹಾರಿನಲ್ಲಿ ಮೂರೂವರೆ,
ಶುಕ್ರವಾರದ ನಮಾಜು ಮುಗಿದು
ಬೀದಿ ಮತ್ತೆ ಮಗ್ಗುಲಾಗುವ ಹೊತ್ತು.

ಮೇಜಿನ ಮೇಲೆ ಏಳು ಹಾಳೆಯ ವರದಿ.
ಹೆಸರು ಪೂರ್ಣಿ. ವಯಸ್ಸು ನಾಲ್ಕೂವರೆ, ಅಂದಾಜು.
ಹುಣ್ಣಿಮೆಯ ಮಾರನೆ ಬೆಳಿಗ್ಗೆ
ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು.
ಎತ್ತರ, ತೂಕ, ಹಾಕಿಸಿದ ಚುಚ್ಚುಮದ್ದು.
ಆಮೇಲೆ ನಾಲ್ಕನೆಯ ಹಾಳೆ:
ಬಿದ್ದರೆ ಅಳುವುದಿಲ್ಲ.
ಚಪಾತಿಯನ್ನು ದಿಂಬಿನ ಚೀಲದೊಳಗೆ ಇಡುತ್ತಾಳೆ.
ಯಾರು ಕೈ ಚಾಚಿದರೂ ಹೋಗುತ್ತಾಳೆ,
ತಿರುಗಿ ನೋಡುವುದಿಲ್ಲ.

ಮೊದಲ ವಿಡಿಯೋ ಕರೆಯಲ್ಲಿ
ನಾನಿನ್ನೂ ಕೂದಲು ಸರಿಮಾಡಿಕೊಳ್ಳುತ್ತಿದ್ದೆ,
ಅಷ್ಟರಲ್ಲೇ 'ಅಮ್ಮಾ' ಅಂದಳು.
ಹನ್ನೊಂದು ವರ್ಷ, ಮೂರು ಆಸ್ಪತ್ರೆ ದಾಟಿ ಬಂದ ಶಬ್ದ.
ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು,
ಲೋಹಿತಾಕ್ಷ ಮಾತಾಡದೆ ಉಂಡ.

ಎರಡನೆಯ ಕರೆಯಲ್ಲಿ ಗೊತ್ತಾಯಿತು:
ಫ್ಯಾನ್ ರಿಪೇರಿಗೆ ಬಂದವನೂ ಅವಳಿಗೆ ಅಪ್ಪ,
ಹಾಲಿನ ಕ್ಯಾನ್ ಇಳಿಸುವವಳೂ ಅಮ್ಮ.

ಅತ್ತಿಗೆ ಫೋನು ಮಾಡಿದ್ದಳು.
"ಬೇರೆ ಮಗುವೇ ಸಿಗಲಿಲ್ವಾ ನಿಮಗೆ?"
ಕೆಟ್ಟವಳಲ್ಲ. ನಾನು ಸ್ನಾನದ ಕೋಣೆಯಲ್ಲಿ
ನಲ್ಲಿ ಬಿಟ್ಟುಕೊಂಡು ಅಂದದ್ದನ್ನೇ
ಅವಳು ಬಾಯಿಬಿಟ್ಟು ಅಂದಳು.

ನನಗೆ ಬೇಕಾದ್ದು ಮಗುವೋ,
ಅಥವಾ ಮಗುವಿಗೆ ನಾನೇ ಬೇಕು ಅನ್ನಿಸುವುದೋ?
ಇದನ್ನು ಕೇಳಿಕೊಂಡ ರಾತ್ರಿ ನಿದ್ದೆ ಬರಲಿಲ್ಲ.

ಲೋಹಿತಾಕ್ಷನದು ಬಂದರಿನಲ್ಲಿ ಹಗ್ಗದ ಕೆಲಸ.
"ಹಡಗನ್ನು ಬಿಗಿದು ಕಟ್ಟಬಾರದು ಮಾರಾಯ್ತಿ,
ಭರತ ಇಳಿತಕ್ಕೆ ಸಡಿಲ ಬಿಡಬೇಕು,
ಇಲ್ಲದಿದ್ದರೆ ಹಗ್ಗ ತುಂಡಾಗಿ
ನಿಂತವನ ಕಾಲನ್ನೇ ತೆಗೀತದೆ."
"ಅವಳು ಹಡಗಲ್ಲ" ಅಂದೆ, ಸಿಟ್ಟಿನಲ್ಲಿ.
"ಗೊತ್ತು" ಅಂದ.
ಆಮೇಲೆ ಬಹಳ ಹೊತ್ತು ಉಗುರು ಕಚ್ಚುತ್ತ ಕೂತಿದ್ದ.

ಕೆಳಮನೆಯ ಜುವೈನಾ ಖರ್ಜೂರ ಕೊಡಲು ಬಂದವಳು
ವರದಿಯ ಮೇಲಿನ ಫೋಟೋ ನೋಡಿದಳು.
ಅರ್ಧ ಅರಬಿ, ಅರ್ಧ ಹಿಂದಿಯಲ್ಲಿ ಕತೆ:
ಅವಳ ತಾಯಿ ಮೊಲೆಯೂಡಿಸಿದ ಪರರ ಹುಡುಗ,
ಹಾಲಿನ ತಮ್ಮ.
"ಕಚ್ಚುತ್ತಿದ್ದ. ಇಲ್ಲಿ ನೋಡು."
ಮುಂಗೈಯ ಮೇಲೆ ನಲವತ್ತು ವರ್ಷದ ಅರ್ಧಚಂದ್ರ.
"ನನ್ನಮ್ಮನನ್ನು ಒಂದು ದಿನವೂ ಅಮ್ಮ ಎನ್ನಲಿಲ್ಲ ಅವನು.
ಅವಳ ಗೋರಿಗೆ ಮಣ್ಣು ಹಾಕುವಾಗ ಮಾತ್ರ
ಯಾರಿಗೂ ಸಲಿಕೆ ಕೊಡಲಿಲ್ಲ."
ಸಮಾಧಾನವೋ ಎಚ್ಚರಿಕೆಯೋ ತಿಳಿಯದೆ
ಖರ್ಜೂರದ ಬೀಜವನ್ನು
ಬಾಯಲ್ಲೇ ಇಟ್ಟುಕೊಂಡಿದ್ದೆ.

ಇದು ನಮ್ಮ ಐದನೆಯ ಫ್ಲ್ಯಾಟು.
ಎರಡು ವರ್ಷಕ್ಕೊಮ್ಮೆ ವೀಸಾ ನವೀಕರಣ.
ಕೀಲಿ ಕೈಗೆ ಸಿಕ್ಕ ದಿನವೇ
ಪ್ರತಿಯೊಂದನ್ನೂ 'ಮನೆ' ಎಂದಿದ್ದೇವೆ,
ಖಾಲಿ ಮಾಡಿ ಮೆಟ್ಟಿಲಿಳಿಯುವಾಗ
ತಿರುಗಿ ನೋಡಿಲ್ಲ.
ನಮ್ಮ ವರದಿಯನ್ನು ಯಾರೂ ಬರೆದಿಲ್ಲ ಅಷ್ಟೆ.

ಎರಡೂ ಮುಕ್ಕಾಲು.
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿದೆ.
ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು.
ಹೋಗಿ ನೋಡಿದರೆ ಲೋಹಿತಾಕ್ಷ ನೆಲದಲ್ಲಿ ಕೂತಿದ್ದಾನೆ,
ಕಪಾಟಿನ ಕೆಳಗಿನ ಖಾನೆ ಬರಿದು ಮಾಡಿ.
ಕುಚ್ಚಲಕ್ಕಿ, ಮೆಂತೆ, ಹಿಡಿ ಮುರಿದ ಕುಕ್ಕರು,
ಎಲ್ಲ ಅವನ ಸುತ್ತ.

"ಏನಿದು?"
"ಬಚ್ಚಿಡ್ಲಿಕ್ಕೆ ಅವಳಿಗೊಂದು ಜಾಗ ಬೇಕಲ್ಲ.
ದಿಂಬಿನಲ್ಲಿಟ್ಟರೆ ಇರುವೆ ಬರ್ತದೆ."

ಹೌದು ಅನ್ನಲಿಲ್ಲ ನಾನು.
ಒದ್ದೆ ಬಟ್ಟೆ ತಂದು ಪಕ್ಕದಲ್ಲಿ ಕೂತೆ.
ಮೂಲೆಯಲ್ಲಿ, ನಮಗಿಂತ ಮೊದಲಿದ್ದವರು ಚೆಲ್ಲಿದ್ದೋ ಏನೋ,
ಬೆಲ್ಲ ಕಲ್ಲಾಗಿ ಅಂಟಿಕೊಂಡಿತ್ತು.
ಉಗುರಿನಿಂದ ಕೆರೆಯತೊಡಗಿದೆ.
ಗಡಿಯಾರ ನನ್ನ ಬೆನ್ನಿಗಿತ್ತು.